ವನಮಾಲಾ ಟೀಚರ್ ಅಂಟಿಸಿದ ಚೀಟಿಗಳು

ವನಮಾಲಾ ಟೀಚರಿಗೆ ದೇವರು ಮೊದಲೇ ಸೂಚನೆ ಕೊಟ್ಟಿದ್ದ ಎಂದು ನಮ್ಮ ಸಭೆಯವರು ಈಗ ಹೇಳಿಕೊಂಡು ತಿರುಗುತ್ತಾರೆ. ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಎಂತ ಸೂಚನೆ ಮಾರಾಯ್ರೆ! ಸೂಚನೆ ಕೊಟ್ಟವನು ಮಾನಪ್ಪನೆಂಬ ಗಾರೆ ಕೆಲಸದವನು, ಕೊಟ್ಟದ್ದು ನನಗೆ. ನಾನು ಜಯಶೀಲ, ಡೊಂಬಿವಲಿಯ ಆ ಸಣ್ಣ ಕನ್ನಡ ಕ್ರೈಸ್ತ ಸಭೆಗೆ ಹನ್ನೊಂದು ವರ್ಷ ಸೆಕ್ರೆಟರಿಯಾಗಿದ್ದವನು.

ನಮ್ಮ ಸಂಡೇ ಸ್ಕೂಲ್ ನಡೆಯುತ್ತಿದ್ದದ್ದು ನಾಲ್ಕು ಮಹಡಿಯ ಹಳೆಯ ಕಟ್ಟಡವೊಂದರ ಕೆಳಗಿನ ಕೋಣೆಯಲ್ಲಿ. ೨೦೧೦ರ ಕ್ರಿಸ್ಮಸ್‌ಗೆ ಮುಂಚೆ, ಬಾಗಿಲ ಪಕ್ಕದ ಗೋಡೆ ಬಿರುಕು ಬಿಟ್ಟು ಅಸಹ್ಯವಾಗಿ ಕಾಣುತ್ತದೆಂದು ವಾರದ ನಡುವೆ ಯಾರೂ ಇಲ್ಲದಾಗ ಮಾನಪ್ಪನನ್ನು ಕರೆಸಿದೆ. ಅವನು ಎರಡು ಕಡೆ ತಟ್ಟಿ ನೋಡಿ, "ಸಾಹೇಬ್ರ, ಇದು ಬರೇ ಗಿಲಾವ್ ಬಿಟ್ಟಿದ್ದಲ್ಲರಿ. ಒಳಗ ಪಿಲ್ಲರ್ ಒಡದೈತಿ. ಮ್ಯಾಲಿನ ಮನಿಯವ್ರಿಗೆ ಹೇಳ್ರಿ," ಎಂದ.

"ಹಬ್ಬ ಮುಗೀಲಿ. ಈಗ ವೈಟ್ ಸಿಮೆಂಟ್ ತುಂಬಿಸಿ ಬಣ್ಣ ಹೊಡಿ," ಎಂದೆ. ಹೇಳಿದರೆ ಕಟ್ಟಡದ ಸೊಸೈಟಿಯವರು ಕೋಣೆಗೆ ಬೀಗ ಜಡಿಯುತ್ತಾರೆ, ಮಕ್ಕಳ ಕಾರ್ಯಕ್ರಮ ನಿಂತುಹೋಗುತ್ತದೆ ಎಂಬ ಹೆದರಿಕೆ ನನಗೆ. ಹಬ್ಬ ಮುಗಿಯಿತು. ನಾನು ಯಾರಿಗೂ ಹೇಳಲಿಲ್ಲ. ಆ ಪಿಲ್ಲರಿನ ಮೇಲೆ ಹದಿನಾರು ಸಂಸಾರಗಳಿದ್ದವು.

ವನಮಾಲಾ ಟೀಚರ್ ಉಡುಪಿ ಕಡೆಯವರು. ಮದುವೆಯಾಗಲಿಲ್ಲ. ವಾರದ ಆರು ದಿನ ಠಾಣೆಯ ಒಂದು ಪಂಪ್ ಕಂಪನಿಯಲ್ಲಿ ಟೈಪಿಂಗ್, ಲೋಕಲ್ ರೈಲಿನ ನೂಕುನುಗ್ಗಲು, ಸಂಜೆ ಮನೆಗೆ ಬಂದು ಒಬ್ಬರಿಗಷ್ಟೇ ಗಂಜಿ. ಭಾನುವಾರ ಬಂತೆಂದರೆ ಮಾತ್ರ ಅವರು ಬೇರೆಯೇ ಮನುಷ್ಯೆ. ನಮ್ಮ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ, ಕೇಳಿದರೆ ಹಿಂದಿಯಲ್ಲಿ ಉತ್ತರ. ಅಂಥವರಿಗೆ ಟೀಚರ್ ಸತ್ಯವೇದವನ್ನು, ಅಂದರೆ ನಮ್ಮ ಬೈಬಲನ್ನು, ಕೈಯಳತೆಯಲ್ಲೇ ಕಲಿಸಿದರು. ಸರಿಯಾಗಿ ನಡು ಬಿಡಿಸಿದರೆ ಕೀರ್ತನೆಗಳು. ಬಲಗಡೆ ಉಳಿದದ್ದನ್ನು ಇನ್ನೊಮ್ಮೆ ಅರ್ಧ ಮಾಡಿದರೆ ಮತ್ತಾಯನ ಹತ್ತಿರ. ಹಬಕ್ಕೂಕ ಬೇಕಾದರೆ ಅಲ್ಲಿಂದ ಎಂಟು ಹತ್ತು ಹಾಳೆ ಹಿಂದಕ್ಕೆ, ಉಗುರಿನಿಂದ ಮೆಲ್ಲಗೆ.

ಆಮೇಲೆ ಸ್ಪರ್ಧೆ. ಪುಸ್ತಕ ಮುಚ್ಚಿ ತಲೆಯ ಮೇಲೆ ಹಿಡಿಯಬೇಕು. "ರೂತಳು, ಎರಡು, ಹನ್ನೆರಡು. ಹುಡುಕಿ!" ಸಿಕ್ಕಿದವರು ಎದ್ದು ನಿಲ್ಲಬೇಕು. ಸಿಗದೆ ಎದ್ದರೆ ಟೀಚರ್ ನಕ್ಕು ಬಿಡುತ್ತಿದ್ದರು. ಸಿಕ್ಕಿಯೂ ನಾಚಿಕೊಂಡು ಕೂತವರನ್ನು ಮಾತ್ರ ಬಿಡುತ್ತಿರಲಿಲ್ಲ. "ಗೊತ್ತಿದ್ದೂ ಕೂತುಕೊಳ್ಳುವುದು ಎಂತಕ್ಕೆ? ಏಳು!" ಎಂದು ಗದರುತ್ತಿದ್ದರು.

ಎಲ್ಲರಿಗಿಂತ ಮೊದಲು ಏಳುತ್ತಿದ್ದವಳು ನಮ್ಮ ಸಭೆಯವಳೇ ಅಲ್ಲ. ಮೂರನೇ ಮಹಡಿಯ ಲೋಕನಾಥನ ಮಗಳು ಅಶ್ಮಿತಾ, ಹತ್ತು ವರ್ಷದವಳು. ಅಪ್ಪ ಕಲ್ಯಾಣದ ಹೋಟೆಲೊಂದರಲ್ಲಿ ಮ್ಯಾನೇಜರ್, ಮನೆಯಲ್ಲಿ ತುಳು. ನಮ್ಮ ಕೋಣೆಯ ಬೀಗದ ಕೈ ಅವರ ಮನೆಯಲ್ಲಿರುತ್ತಿತ್ತು. ಭಾನುವಾರ ಬಾಗಿಲು ತೆರೆಯಲು ಬಂದವಳು ಆಟ ನೋಡಿ ಕೂತಳು, ಮತ್ತೆ ಒಂದು ವಾರವೂ ತಪ್ಪಿಸಲಿಲ್ಲ. ಕಾರ್ಕಳದ ಅಜ್ಜಿ ರಜೆಯಲ್ಲಿ ಅಕ್ಷರ ಕಲಿಸಿದ್ದರಿಂದ ಕನ್ನಡ ಓದುತ್ತಿದ್ದಳು. ಟೀಚರಿಗೆ ಅವಳೆಂದರೆ ಪಂಚಪ್ರಾಣ.

೨೦೧೧ರ ಜೂನ್‌ನಲ್ಲಿ ಟೀಚರ್ ಒಂದು ಹೊಸ ಪದ್ಧತಿ ಹಾಕಿದರು. ಹಳೆಯ ಕ್ಯಾಲೆಂಡರನ್ನು ಉದ್ದುದ್ದ ಕತ್ತರಿಸಿ, ಮುಂದಿನ ವಾರ ಹುಡುಕಬೇಕಾದ ಐದು ವಾಕ್ಯಗಳ ಪುಸ್ತಕ, ಅಧ್ಯಾಯ, ವಚನ ಬರೆದು, ಮೈದಾ ಅಂಟು ಬಳಿದು ಗೋಡೆಗೆ ಅಂಟಿಸಿದರು. ಖಾಲಿ ಇದ್ದದ್ದು ಬಾಗಿಲ ಪಕ್ಕದ ಅದೇ ಗೋಡೆ. ನಾನು ಬಣ್ಣ ಹೊಡೆಸಿದ್ದ ಜಾಗದ ಮೇಲೆಯೇ ಐದೂ ಚೀಟಿ ಅಡ್ಡಲಾಗಿ ಕೂತವು.

ಮುಂದಿನ ಭಾನುವಾರ ಮೇಲಿನ ಎರಡು ಚೀಟಿ ಹರಿದಿದ್ದವು. ಟೀಚರ್ ಬೇರೆ ಅಂಟಿಸಿದರು. ಮರುವಾರ ಮೂರು ಹರಿದಿದ್ದವು.

ಮಾನಪ್ಪನ ಮಾತು ಕಿವಿಯಲ್ಲೇ ಇತ್ತು. ಆದರೂ ಈ ಹಾಳು ಬಾಯಿ ಹೇಳಿದ್ದೇನು? "ಯಾರೋ ಮಕ್ಕಳ ಕಿತಾಪತಿ ಟೀಚರ್. ವಾರವಿಡೀ ಬೀಗದ ಕೈ ಯಾರ ಹತ್ತಿರ ಇರುತ್ತದೆ, ನೀವೇ ಯೋಚಿಸಿ."

ಟೀಚರ್ ಯೋಚಿಸಿದರು. ಇಪ್ಪತ್ತೆರಡು ಮಕ್ಕಳ ಎದುರು ಅಶ್ಮಿತಾಳನ್ನು ನಿಲ್ಲಿಸಿ ಕೇಳಿದರು.

"ಟೀಚರ್, ಮೈನೇ ನಹೀ ಫಾಡಾ. ಅಪ್ನೇ ಆಪ್ ಫಟ್ತಾ ಹೈ," ಎಂದಳು ಹುಡುಗಿ.

"ತನ್ನಷ್ಟಕ್ಕೆ ಹರಿಯಲಿಕ್ಕೆ ಕಾಗದಕ್ಕೆ ಕೈ ಉಂಟಾ? ಸುಳ್ಳು ಹೇಳುವವರು ಈ ಪುಸ್ತಕ ಮುಟ್ಟುವುದು ಬೇಡ," ಎಂದು ಟೀಚರ್ ಅವಳ ಕೈಯಿಂದ ಸತ್ಯವೇದ ತೆಗೆದುಕೊಂಡರು. ಹುಡುಗಿ ಅಳಲಿಲ್ಲ. ಗೋಡೆಯನ್ನೊಮ್ಮೆ ನೋಡಿ ಹೊರಗೆ ಹೋದಳು.

ಹತ್ತು ನಿಮಿಷದಲ್ಲಿ ಅವಳ ತಾಯಿ ಜಯಲತಾ ಇಳಿದು ಬಂದು ಬೀಗದ ಕೈಯನ್ನು ಮೇಜಿನ ಮೇಲೆ ಕುಕ್ಕಿದರು. "ನಮ್ಮ ಹುಡುಗಿ ಸುಳ್ಳಿಯಾ? ಇನ್ನು ನಮ್ಮ ಬಾಗಿಲಿಗೆ ಬರಬೇಡಿ!"

ಬೀಗದ ಕೈ ಟೀಚರ ಬ್ಯಾಗಿಗೆ ಸೇರಿತು. ಅದರ ಮುಂದಿನ ಭಾನುವಾರ ಐದೂ ಚೀಟಿಗಳು ಹಾಗೆಯೇ ಇದ್ದವು. "ನೋಡಿದಿರಾ ಜಯಶೀಲಣ್ಣ, ಅವಳದ್ದೇ ಕೆಲಸ," ಎಂದರು ಟೀಚರ್, ಸಂಕಟದಿಂದ. ನಾನು ಮಹಾ ತಿಳಿದವನಂತೆ ತಲೆಯಾಡಿಸಿದೆ. ಆ ವಾರವಿಡೀ ಆರಾಮವಾಗಿ ನಿದ್ದೆ ಮಾಡಿದೆ, ಅದನ್ನೂ ಹೇಳಿಬಿಡುತ್ತೇನೆ.

ಮತ್ತೆ ಮೂರು ದಿನ ಒಂದೇ ಸಮನೆ ಮಳೆ. ಭಾನುವಾರ ಟೀಚರ್ ತಾವೇ ಬೀಗ ತೆಗೆದರು. ನಾನು ಹಿಂದೆ ಛತ್ರಿ ಮಡಚುತ್ತಿದ್ದೆ. ಐದೂ ಚೀಟಿಗಳು ಹರಿದಿದ್ದವು. ಅಧ್ಯಾಯಕ್ಕೂ ವಚನಕ್ಕೂ ನಡುವೆ, ಮೇಲಿನಿಂದ ಕೆಳಗೆ, ಒಂದೇ ಗೆರೆಯಲ್ಲಿ. ನೆಲದಲ್ಲಿ ಬಿಳಿ ಪುಡಿ ಬಿದ್ದಿತ್ತು.

ಟೀಚರ್ ಕೈಯಲ್ಲಿದ್ದ ಬೀಗದ ಕೈಯಿಂದಲೇ ಗೋಡೆ ಕೆರೆದರು. ನನ್ನ ವೈಟ್ ಸಿಮೆಂಟ್ ಹೊಪ್ಪಳಿಕೆಯಂತೆ ಕಳಚಿ ಬಿತ್ತು. ಒಳಗೆ ಅವರ ಕಿರುಬೆರಳು ಪೂರ್ತಿ ಹೋಯಿತು.

"ಅಯ್ಯೋ ದೇವರೇ, ಆ ಮಗು ನಿಜ ಹೇಳಿತ್ತು," ಎಂದರು.

ಒಳಗೆ ಬರುತ್ತಿದ್ದ ಮಕ್ಕಳನ್ನು ಮಳೆಯಲ್ಲೇ ಎದುರಿನ ಅಂಗಡಿಯ ಮಾಡಿನಡಿಗೆ ಅಟ್ಟಿದರು. ಒಂದು ಚೀಟಿ ಕಿತ್ತುಕೊಂಡು ಮೆಟ್ಟಿಲು ಹತ್ತಿದರು. ನಾನು ಬೆನ್ನಿಗೇ ಓಡಿದೆ. ಎಲ್ಲೋ ಒಳಗಿನಿಂದ ಕಟಕಟ ಸದ್ದು ಕೇಳುತ್ತಿತ್ತು.

ಮೂರನೇ ಮಹಡಿಯಲ್ಲಿ ಬಾಗಿಲು ಬಡಿದರೆ ಒಳಗಿನಿಂದ ಜಯಲತಾ, "ಬರಬೇಡಿ ಅಂತ ಹೇಳಿದ್ದೇನಲ್ಲ!" ಎಂದು ಕೂಗಿದರು.

"ಕಟ್ಟಡ ಬೀಳ್ತದೆ ಜಯಲತಾ, ಹೊರಗೆ ಬನ್ನಿ!"

"ಇದೆಂತ ಹೊಸ ನಾಟಕ? ಹೋಗಿ, ಹೋಗಿ."

ಟೀಚರ್ ಎಷ್ಟು ಬಡಿದರೂ ಬಾಗಿಲು ತೆರೆಯಲಿಲ್ಲ. ಸುಳ್ಳಿ ಎಂದು ಕರೆಸಿಕೊಂಡವರು ಕರೆದವರನ್ನು ನಂಬುವುದು ಹೇಗೆ? ಕೊನೆಗೆ ಅವರು ನೆಲಕ್ಕೆ ಕೂತು, ಆ ಹರಿದ ಚೀಟಿಯನ್ನು ಬಾಗಿಲ ಸಂದಿಯಿಂದ ಒಳಗೆ ತಳ್ಳಿದರು.

"ಅಶ್ಮಿತಾ, ನೋಡು ಮಗಾ, ಇದು ಈ ವಾರದ್ದು. ಬೀಗದ ಕೈ ನನ್ನ ಹತ್ತಿರವೇ ಇತ್ತು. ನೀನು ಹರಿಯಲಿಲ್ಲ. ನಂದು ತಪ್ಪಾಯ್ತು. ಒಮ್ಮೆ ಅಮ್ಮನನ್ನು ಕರಕೊಂಡು ಹೊರಗೆ ಬಾ."

ಆಮೇಲೆ ಚಿಲಕ ತೆಗೆದದ್ದು ಹುಡುಗಿ. ಚೀಟಿ ಅವಳ ಕೈಯಲ್ಲಿತ್ತು. "ಮಮ್ಮೀ, ಕಿಚನ್ ಮೇ ಭೀ ಐಸಾ ಹೀ ಹೈ ನಾ?" ಎಂದಳು. ಜಯಲತಾ ಅಡುಗೆಮನೆಯ ಗೋಡೆಯಲ್ಲಿದ್ದ ಬಿರುಕಿನತ್ತ ತಿರುಗಿ ನೋಡಿದರು. ಮಗಳ ಕೈ ಹಿಡಿದು ಹೊರಟರು.

ಉಳಿದ ಹದಿನೈದು ಬಾಗಿಲುಗಳನ್ನು ಅಶ್ಮಿತಾಳೇ ನಮ್ಮೊಂದಿಗೆ ಬಡಿದಳು. ಬೈದವರೂ ಬಂದರು. ಮಧ್ಯಾಹ್ನ ಬಂದ ನಗರಪಾಲಿಕೆಯ ಇಂಜಿನಿಯರ್ ಗೋಡೆಯನ್ನು ಕಂಡವರೇ ಯಾರನ್ನೂ ಒಳಗೆ ಬಿಡಲಿಲ್ಲ. ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ, ಹೆಂಗಸರು ಮನೆಯಲ್ಲಿ ಅಡುಗೆ ಮಾಡುತ್ತಿರಬೇಕಾದ ಹೊತ್ತಿಗೆ, ನಾಲ್ಕೂ ಮಹಡಿ ಕುಸಿದು ಕೂತುಬಿಟ್ಟಿತು.

ಲೋಕನಾಥ ಶಹಾಡ್‌ನಲ್ಲಿ ಮನೆ ಹಿಡಿದ. ಟೀಚರ್ ಕ್ಷಮೆ ಕೇಳಲು ಹೋದಾಗ ಅಶ್ಮಿತಾ ಒಂದೇ ಮಾತು ಹೇಳಿದಳಂತೆ: "ಸಬ್ ಕೇ ಸಾಮ್ನೇ ಬೋಲಾ ಥಾ ನಾ, ಟೀಚರ್?"

ನ್ಯಾಯವೇ, ಎಲ್ಲರ ಎದುರು ಸುಳ್ಳಿ ಎಂದವರು ಎಲ್ಲರ ಎದುರೇ ತಿದ್ದಿಕೊಳ್ಳಬೇಕು. ಹೊಸ ಕೋಣೆಯ ಮೊದಲ ಭಾನುವಾರ ಟೀಚರ್ ಇಪ್ಪತ್ತೆರಡು ಮಕ್ಕಳ ಎದುರು ನಿಂತು, "ಅಶ್ಮಿತಾ ನಿಜ ಹೇಳಿದ್ದಳು, ನಾನು ನಂಬಲಿಲ್ಲ," ಎಂದು ಅತ್ತರು. ಶಹಾಡ್‌ನಿಂದ ಬಂದಿದ್ದ ಅವಳಿಗೆ, ತೆಗೆದುಕೊಂಡಿದ್ದ ಪುಸ್ತಕವನ್ನು ಹಿಂದೆ ಕೊಟ್ಟರು. ಕಣ್ಣೊರೆಸಿಕೊಂಡು, "ಆ ಗೋಡೆಗೆ ಸಿಮೆಂಟ್ ತುಂಬಿಸಿ ಮುಚ್ಚಿದ್ದು ಯಾರೋ, ಇವತ್ತಿಗೂ ಗೊತ್ತಾಗಲಿಲ್ಲ," ಎಂದರು.

ನಾನು ಹಿಂದಿನ ಬೆಂಚಿನಲ್ಲಿದ್ದೆ. ಗೊತ್ತಿದ್ದವರು ಎದ್ದು ನಿಲ್ಲಬೇಕು, ಅದು ಆ ತರಗತಿಯ ನಿಯಮ. ನಾನು ಏಳಲಿಲ್ಲ.