ಅಕ್ಕನ ಪರ್ವತ್-ತೋಡ್ ಪ್ರಹಾರ್

ಎದುರುಮನೆ ಅಕ್ಕನ ಎಡಗೆನ್ನೆ ಸದಾ ಕೊಂಚ ಉಬ್ಬಿಕೊಂಡೇ ಇರುತ್ತದೆ. ಮದುವೆಯಾಗಿ ಕಾಂದಿವಲಿಯ ಈ ಬಿಲ್ಡಿಂಗಿಗೆ ಬಂದ ಹೊಸತರಲ್ಲಿ ಅದು ಎಲೆಅಡಿಕೆಯ ಚಟವೆಂದೇ ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಅದು ಗಂಟಲಿಗೆಂದು ಇಟ್ಟುಕೊಂಡ ಜ್ಯೇಷ್ಠಮಧುವಿನ ಚೂರು. ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು, ಮೇ ತಿಂಗಳ ಸೆಕೆಯಲ್ಲೂ ಕೊರಳಿಗೊಂದು ಮಫ್ಲರು. ನನ್ನ ಭುಜಕ್ಕೂ ಬಾರದ, ಐವತ್ತು ದಾಟಿದ ಈ ಉಡುಪಿ ಕಡೆಯ ಹೆಂಗಸು ಜಪಾನಿ ಕಾರ್ಟೂನಿನ ಮುಷ್ಟಿವೀರ ಹುಡುಗನಿಗೆ ಹಿಂದಿಯಲ್ಲಿ ದನಿ ಕೊಡುತ್ತಾರೆಂದು ತಿಳಿದಾಗ ನಾನು ಬಾಯಿ ತೆರೆದು ನಿಂತಿದ್ದೆ. ಗಂಡುಮಕ್ಕಳ ಪಾತ್ರಕ್ಕೆ ಹೆಂಗಸರ ದನಿಯೇ ಆಗಬೇಕಂತೆ. ನಿಜವಾದ ಹುಡುಗರ ಗಂಟಲು ಯಾವ ತಿಂಗಳು ಒಡೆಯುತ್ತದೋ ಹೇಳಲಾಗದು.

ಪ್ರತಿ ಕಂತಿನ ಕೊನೆಗೂ ಆ ಹುಡುಗ ಒಂದು ಕಾಲು ಹಿಂದಿಟ್ಟು, ಮುಷ್ಟಿಯನ್ನು ಎದೆಗೊತ್ತಿ, ಕಣ್ಣು ಮುಚ್ಚಿ ಉಸಿರೆಳೆಯುತ್ತಾನೆ. ಎಳೆಯುತ್ತಲೇ ಇರುತ್ತಾನೆ. ಆಮೇಲೆ "ಪರ್ವತ್-ತೋಡ್ ಪ್ರಹಾ...ರ್!" ಎಂದು ಕೂಗಿ ಹೊಡೆದರೆ ಎದುರಾಳಿಯ ಜೊತೆಗೆ ಅವನ ಹಿಂದಿನ ಗುಡ್ಡವೂ ಪುಡಿ.

"ಅಂವ ಉಸಿರು ಎಳಕೊಳ್ಳೂದ್ರಾಗ ನನ್ನ ಕುಕ್ಕರ್ ಮೂರು ಸೀಟಿ ಹೊಡೀತದ. ಆ ರಾಕ್ಷಸ ಅಲ್ಲೀ ತನಕಾ ಯಾಕ ಸುಮ್ನ ನಿಂತಿರ್ತಾನ್ರೀ ಅಕ್ಕಾ?" ಎಂದು ಕೇಳಿದ್ದೆ. ವಿಜಯಪುರದ ನಾಲಿಗೆ ಸುಮ್ಮನಿರಬೇಕಲ್ಲ!

"ಪೆಟ್ಟು ಇರುದೇ ಆ ಉಸಿರಲ್ಲಿ ಮಾರಾಯ್ತಿ. ಕೂಗು ಎಂಥ, ಕೊನೆಗೆ ತನ್ನಷ್ಟಕ್ಕೇ ಬರ್ತದೆ" ಎಂದಿದ್ದರು ಅಕ್ಕ.

ಕೂಗು ಕೊನೆಗೆ ಎನ್ನುವುದು ಅವರ ಕಸುಬಿನ ನೇಮ. ಸ್ಟುಡಿಯೋದಲ್ಲಿ ಮೊದಲು ಮಾತೆಲ್ಲ ಮುಗಿಸಿ, ಆಮೇಲೆ ಕೂಗು. ಮೊದಲೇ ಕೂಗಿದರೆ ಗಂಟಲು ಹರಿದು ಉಳಿದ ಕೆಲಸವೆಲ್ಲ ಹಾಳು. ದೊಡ್ಡ ಕೂಗಿದ್ದರೆ ಹಿಂದಿನ ದಿನದಿಂದಲೇ ಅಕ್ಕ ಮಾತು ನಿಲ್ಲಿಸುತ್ತಿದ್ದರು. ಮೇಲಿನ ಮಹಡಿಯ ಗುಜರಾತಿ ಹೆಂಗಸೊಬ್ಬರು ಇದನ್ನು ಮೌನವ್ರತವೆಂದು ತಿಳಿದು, ಮಗಳ ಪರೀಕ್ಷೆಯ ಮುಂಚೆ ಬಂದು ಕಾಲಿಗೆ ಬಿದ್ದಿದ್ದರು. ಬಾಯಿಬಿಟ್ಟು ವಿವರಿಸುವಂತಿಲ್ಲವಲ್ಲ, ಅಕ್ಕ ಕೈಯೆತ್ತಿ ಹರಸಿಬಿಟ್ಟರು. ಹುಡುಗಿ ಪಾಸಾದಳು. ಅಂದಿನಿಂದ ಬಿಲ್ಡಿಂಗಿನಲ್ಲಿ ಅಕ್ಕನ ಆಶೀರ್ವಾದಕ್ಕೂ ಗಿರಾಕಿಗಳು.

ಮನೆಯಲ್ಲಿ ಅವರು ದನಿ ಏರಿಸಿದ್ದನ್ನು ಯಾರೂ ಕೇಳಿಲ್ಲ. ಗಂಡನನ್ನು ಊಟಕ್ಕೆ ಕರೆಯಲು ಕಿಟಕಿಯ ಗ್ರಿಲ್ಲಿಗೆ ಸೌಟಿನಿಂದ ಬಡಿಯುತ್ತಾರೆ. "ಗಂಟಲು ನನ್ನ ದುಡಿಮೆ. ಅದನ್ನು ಗಂಡನ ಮೇಲೆ ಖರ್ಚು ಮಾಡುದಾ?" ಎಂದು ಕೇಳುತ್ತಾರೆ.

ನನ್ನದು ಚೊಚ್ಚಲ ಬಸಿರು. ತವರಿಗೆ ಇವತ್ತು ಹೋದೇನು, ನಾಳೆ ಹೋದೇನು ಎಂದು ಮುಂದೂಡುತ್ತಿರುವಾಗಲೇ, ದಿನ ತುಂಬುವ ಮೊದಲು, ಒಂದು ಬೆಳಿಗ್ಗೆ ನೋವು ಶುರುವಾಯಿತು. ನನ್ನವರು ವಿಲೆ ಪಾರ್ಲೆಯಲ್ಲಿ ವಿಮಾನದ ಸರಕಿನ ಗೋಡೌನಿನಲ್ಲಿ ಡ್ಯೂಟಿಯಲ್ಲಿದ್ದರು, ಫೋನು ಎತ್ತಲಿಲ್ಲ. ಎದುರುಮನೆಯ ಬೆಲ್ ಒತ್ತಿದೆ. ಅಕ್ಕನದು ಅಂದು ಮೌನದ ದಿನ. ಮರುದಿನ ಕಾರ್ಟೂನಿನ ಕೊನೆಯ ಕಂತು, ಎಲ್ಲಕ್ಕಿಂತ ದೊಡ್ಡ ಕೂಗು. ನನ್ನ ಮುಖ ನೋಡಿದ್ದೇ ಒಂದು ಮಾತಿಲ್ಲದೆ ಮನೆಗೆ ಬೀಗ ಹಾಕಿ, ನನ್ನನ್ನು ರಿಕ್ಷಾ ಹತ್ತಿಸಿದರು.

ಹೆರಿಗೆ ಕೋಣೆಯಲ್ಲಿ ಪ್ರತಿ ನೋವಿಗೂ ನಾನು ಅವ್ವನನ್ನು ಕರೆದು ಅರಚಿದೆ. ಮಧ್ಯಾಹ್ನದ ಹೊತ್ತಿಗೆ ಮೈಯಲ್ಲಿ ಕಸುವೇ ಉಳಿಯಲಿಲ್ಲ. ಮಗುವಿನ ಎದೆಬಡಿತ ಇಳಿಯುತ್ತಿದೆ, ಇನ್ನೊಂದೆರಡು ನೋವಿನಲ್ಲಿ ಆಗದಿದ್ದರೆ ಆಪರೇಷನ್ನೇ ಎಂದರು ಡಾಕ್ಟರು. "ನನ್ನ ಕೈಲೆ ಆಗೂದಿಲ್ರೀ ಅಕ್ಕಾ" ಎಂದು ಅತ್ತೆ.

ಅಕ್ಕ ಕೆನ್ನೆಯ ಚೂರನ್ನು ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡರು.

"ಬಾಯಿ ಮುಚ್ಚು. ಸುಮ್ಮನೆ ಕೂಗಿ ಖಾಲಿ ಆಗಿದ್ದಿ ನೀನು. ನನ್ನ ಹುಡುಗ ಎಂಥ ಮಾಡ್ತಾನೆ? ಮೊದಲು ಉಸಿರು. ಎಳಿ. ಇನ್ನೂ ಉಂಟು, ಎಳಿ. ಹಿಡ್ಕೊ. ಎಲ್ಲ ಕೆಳಗೆ ಒತ್ತು, ಒತ್ತು... ಈಗ ಕೂಗು!"

ಮೊದಲ ಸಲ ನನ್ನಿಂದ ದನಿಯೇ ಹೊರಡಲಿಲ್ಲ. ಎರಡನೆಯ ಸಲ ಅಕ್ಕ ನನ್ನ ಕೈ ಹಿಡಿದು ತಾವೇ ಕೂಗಿದರು. ಆ ಪುಟ್ಟ ಎದೆಯಿಂದ ಅಂಥ ಕೂಗು! ನಾನೂ ದನಿಗೂಡಿಸಿದೆ. "ಪರ್ವತ್-ತೋಡ್ ಪ್ರಹಾ...ರ್!" ಗಾಬರಿಯಾಗಿ ಬೈಯಲು ಬಂದ ನರ್ಸು, "ಅರೇ, ಯೇ ತೋ ಮೇರೇ ಬಚ್ಚೋಂಕಾ ಕಾರ್ಟೂನ್ ಹೈ!" ಎಂದು ತನ್ನ ಮಕ್ಕಳ ಕಾರ್ಟೂನಿನ ಕೂಗು ಗುರುತಿಸಿ ನಿಂತಲ್ಲೇ ನಿಂತಳು. ಅಷ್ಟರಲ್ಲಿ ಮಗಳು ಅತ್ತಳು.

ಮರುದಿನ ಅಕ್ಕನ ಗಂಟಲು ಹರಿದ ಬಟ್ಟೆಯಂತಾಗಿತ್ತು. ಆ ಪಾತ್ರದ ಮುಂದಿನ ಸರಣಿಗೆ ಸ್ಟುಡಿಯೋದವರು ಆಗಲೇ ಎಳೆಯ ಹುಡುಗಿಯೊಬ್ಬಳ ದನಿ ಪರೀಕ್ಷಿಸುತ್ತಿದ್ದರೆಂದು ಅವರ ಗಂಡ ಆಮೇಲೆ ಹೇಳಿದರು. ಅಕ್ಕನಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ನನಗಾಗಿ ಕೂಗಿದ್ದರು. ಹೋಗಲೋ ಬೇಡವೋ ಎನ್ನುತ್ತಲೇ ಸ್ಟುಡಿಯೋಗೆ ಹೋಗಿ, ಒಡಕು ಗಂಟಲಿನಲ್ಲೇ ಕೂಗಿ ಬಂದರು. ಸಂಜೆ ಆಸ್ಪತ್ರೆಗೆ ಬಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: "ಡೈರೆಕ್ಟರಿಗೆ ಇದೇ ಬೇಕಂತೆ. ಇಡೀ ಎಪಿಸೋಡು ಪೆಟ್ಟು ತಿಂದವನ ಗಂಟಲು ಮತ್ತೆ ಹೇಗಿರ್ತದೆ ಅಂತ." ನಮ್ಮಿಬ್ಬರಿಗೂ ನಗು. ಹೆರಿಗೆಯ ಹೊಲಿಗೆ ಜಗ್ಗಿದ ನೋವಿಗೆ ನಾನು ನಗುತ್ತಲೇ ಅತ್ತೆ.

ಮಗಳು ಈಗ ಒಂದನೇ ಕ್ಲಾಸು. ಆ ಕೊನೆಯ ಕಂತನ್ನು ಮೊನ್ನೆ ಮೊದಲ ಸಲ ನೋಡಿದಳು. "ಅಮ್ಮಾ, ಹೀರೋದು ಗಲಾ ಯಾಕೆ ಬೈಠ್ ಗಯಾ?" ಎಂದು ಅವನ ಒಡಕು ಗಂಟಲಿನ ಬಗ್ಗೆ ಕೇಳಿದಳು.

"ಹಿಂದಿನ ದಿನಾ ನಿನ್ನ ಹೊರಗ ಕರದಿದ್ನಲ್ಲಾ, ಅದಕ್ಕ" ಎಂದೆ.

ನನ್ನ ಮಾತು ನಂಬದೆ ನೇರ ಹೋಗಿ ಎದುರುಮನೆಯ ಬೆಲ್ ಒತ್ತಿದಳು. ಅಕ್ಕನಿಗೆ ಈಗ ಮಾಟಗಾತಿ ಮುದುಕಿಯರ ಪಾತ್ರ, ಅವರೂ ಕೂಗುತ್ತಾರೆ, ಹಾಗಾಗಿ ಅಂದೂ ಮೌನ. ಮಗಳ ಪ್ರಶ್ನೆಗೆ ಹೌದೆಂದು ತಲೆಯಾಡಿಸಿದರು. ಆಮೇಲೆ ಹೊಸ್ತಿಲಲ್ಲೇ ಒಂದು ಕಾಲು ಹಿಂದಿಟ್ಟು, ಮುಷ್ಟಿಯನ್ನು ಎದೆಗೊತ್ತಿ, ಕಣ್ಣು ಮುಚ್ಚಿ ಉಸಿರೆಳೆದರು. ಎಳೆಯುತ್ತಲೇ ಇದ್ದರು. ಎದುರು ನಿಂತ ಮಗಳೂ ಹಾಗೇ ಎಳೆದಳು.

ಕೂಗಿದ್ದು ಮಗಳು.