ಲ್ಯಾಬಿನ ಬಾಗಿಲು ತೆರೆಸಿದ ವರ್ಷ

ನಾನು ಶಹಾಪುರದಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿಗೆ ಸದಾ ಕೀಲಿ ಹಾಕಿರುತ್ತಿತ್ತು. ಕಿಟಕಿಯ ಗಾಜಿಗೆ ಹಣೆ ಹಚ್ಚಿ ನೋಡಿದರೆ ಒಳಗಿನದೆಲ್ಲ ಕಾಣುತ್ತಿತ್ತು. ಉದ್ದನೆಯ ಕಲ್ಲಿನ ಮೇಜುಗಳು, ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿದ ಬಾಟಲಿಗಳು, ಇನ್ನೂ ಹುಲ್ಲಿನಲ್ಲೇ ಸುತ್ತಿಟ್ಟಿದ್ದ ಗಾಜಿನ ಕೊಳವೆಗಳು. ಪ್ರಾಕ್ಟಿಕಲ್ ಎಂದು ವೇಳಾಪಟ್ಟಿಯಲ್ಲಿ ಬರೆದಿದ್ದ ಹೊತ್ತಿಗೆ ನಾವು ತರಗತಿಯ ಕೋಣೆಯಲ್ಲೇ ಕುಳಿತು, ಹಿಂದಿನ ವರ್ಷದವರು ಬರೆದಿಟ್ಟ ಅಳತೆಗಳನ್ನು ಅಚ್ಚುಕಟ್ಟಾಗಿ ನಕಲು ಮಾಡುತ್ತಿದ್ದೆವು. ಅವರೂ ತಮಗಿಂತ ಹಿಂದಿನವರದನ್ನು ನೋಡಿ ಬರೆದವರೇ. ಮೊದಲ ವರ್ಷ ಪೂರ್ತಿ ಹೀಗೆ ಹೋಯಿತು. ಕಾಲೇಜು ಎಂದರೆ ಹೀಗೇ ಇರುತ್ತದೆ ಎಂದುಕೊಂಡಿದ್ದೆ.

ಎರಡನೆಯ ವರ್ಷ ವಿಶ್ವವಿದ್ಯಾಲಯದಿಂದ ತಪಾಸಣೆಗೆ ಬಂದರು. ಅವತ್ತು ಮುಂಜಾನೆಯೇ ಲ್ಯಾಬಿನ ಬಾಗಿಲು ತೆರೆದಿತ್ತು. ನಮಗೆ ಎಲ್ಲಿಂದಲೋ ಬಿಳಿ ಕೋಟುಗಳನ್ನು ತಂದು ಹಾಕಿಸಿದರು. ನನ್ನ ಕೈಗೆ ಬ್ಯುರೆಟ್ಟು ಎಂಬ ಉದ್ದನೆಯ ಅಳತೆಯ ಗಾಜಿನ ಕೊಳವೆ ಕೊಟ್ಟು ಕಿಟಕಿಯ ಹತ್ತಿರ ನಿಲ್ಲಿಸಿದರು. ಅದರ ತಿರುಪು ಯಾವ ಕಡೆ ತಿರುಗುತ್ತದೆ ಎಂಬುದೂ ನನಗೆ ಗೊತ್ತಿರಲಿಲ್ಲ. ಬಂದವರು ನಮ್ಮನ್ನು ನೋಡಿ ತಲೆಯಾಡಿಸಿ ಮುಂದೆ ಹೋದರು. ಅವರ ಜೀಪು ಗೇಟು ದಾಟುತ್ತಿದ್ದಂತೆ ನಮ್ಮ ಕೋಟು ಬಿಚ್ಚಿಸಿಕೊಂಡರು, ಬಾಗಿಲಿಗೆ ಮತ್ತೆ ಕೀಲಿ ಬಿತ್ತು. ನನ್ನ ಪಕ್ಕದಲ್ಲಿ ನಿಂತಿದ್ದ ಗೆಳತಿ, ಸುರಪುರದಿಂದ ದಿನವೂ ಬಸ್ಸಿಗೆ ಬಂದು ಹೋಗುತ್ತಿದ್ದವಳು, ತನ್ನ ಖಾಲಿ ಕೈ ನೋಡಿಕೊಂಡು ಅಂದಳು: "ಮದಲಿಂಗನ್ನ ತೋರ್ಸಿ ಒಳಗ ಕರ್ಕೊಂಡು ಹೋದಂಗಾತು ನೋಡ."

ಮದುಮಗನ ಮುಖ ಒಮ್ಮೆ ತೋರಿಸಿ ಮರೆ ಮಾಡಿದ ಹಾಗೆ ಎಂಬ ಆ ಮಾತಿಗೆ ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ಸಂಜೆ ಮನೆಗೆ ಹೋಗಿ ಅಪ್ಪನ ಮುಂದೆ ಎಲ್ಲ ಹೇಳಿದೆ. ನಮ್ಮೂರು ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿತ್ತು. ನಾನು ಸಣ್ಣವಳಿದ್ದಾಗ ಆ ಹೊಲಗಳಲ್ಲಿ ಜೋಳ, ತೊಗರಿ ಬಿಟ್ಟರೆ ಬೇರೆ ಕಂಡವರಿಲ್ಲ. ಕಾಲುವೆ ಬಂದ ಮೇಲೆ ಭತ್ತ ಬಂತು. ಭತ್ತ ಬಂದದ್ದರಿಂದಲೇ ಮನೆಯ ಹೆಣ್ಣುಮಗಳೊಬ್ಬಳು ಕಾಲೇಜಿನ ಮೆಟ್ಟಿಲು ಹತ್ತಿದ್ದು. ಆದರೆ ನಮ್ಮ ಹೊಲ ಕಾಲುವೆಯ ತುದಿಗಿತ್ತು. ಮೇಲಿನವರು ತಮ್ಮ ಗದ್ದೆ ತುಂಬಿಸಿಕೊಂಡು ಬಿಟ್ಟರೆ ಮಾತ್ರ ನಮಗೆ ನೀರು. ಹಾಗಾಗಿ ಅಪ್ಪನಿಗೆ ಬೇಸಾಯದಷ್ಟೇ ತನ್ನ ಪಾಲು ಕೇಳಿ ಪಡೆಯುವ ವಿದ್ಯೆಯೂ ಬಂದಿತ್ತು.

ಅವನು ಎತ್ತಿಗೆ ಮೇವು ಹಾಕುತ್ತಲೇ ನನ್ನ ಮಾತು ಕೇಳಿಸಿಕೊಂಡ.

"ಫೀ ಕಟ್ಟೀವಲ್ಲ?"

"ಕಟ್ಟೀವಿ. ಲ್ಯಾಬಿಂದು ಬ್ಯಾರೆನೇ ಕಟ್ಟೀವಿ."

"ಮತ್ತ ಅಳೋದ್ಯಾಕ? ನೀರಿನ ಕರ ಕಟ್ಟೀನಿ ಅಂದ್ಮ್ಯಾಲ ನೀರು ಬರಬೇಕು. ಬರ್ಲಿಲ್ಲಂದ್ರ ನಾ ಮ್ಯಾಲಿನ ಹೊಲದವನ ಕೂಡ ಜಗಳ ಮಾಡಾಂಗಿಲ್ಲ. ಕಾಲುವಿ ಗೇಟಿನ ಕೀಲಿ ಯಾರ ಕೈಯಾಗ ಅದ, ಅವನ ಮುಂದ ಹೋಗಿ ನಿಲ್ತೀನಿ. ನಿಮ್ಮ ಕೀಲಿ ಯಾರ ಕೈಯಾಗ ಅದ, ಅದನ್ನ ಮೊದಲ ಪತ್ತೆ ಮಾಡು."

ಮರುದಿನ ನಾನೂ ಗೆಳತಿಯೂ ಪ್ರಿನ್ಸಿಪಾಲರ ಕೋಣೆಗೆ ಹೋದೆವು. ಅವರು ಕೆಟ್ಟವರಲ್ಲ, ದಣಿದವರು. ಫೀ ಕಟ್ಟಿದ್ದೇವೆ, ಲ್ಯಾಬು ಬೇಕು ಎಂದಾಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದು ಕಾಲೇಜವ್ವ, ಕಿರಾಣಿ ಅಂಗಡಿ ಅಲ್ಲ. ರೊಕ್ಕ ಕೊಟ್ಟೀನಿ, ಮಾಲು ಕೊಡು ಅನ್ನಾಕ," ಅಂದರು. ಕನ್ನಡಕ ಮತ್ತೆ ಹಾಕಿಕೊಂಡು, "ಕೀಲಿ ಹಾಕ್ಸಿದವ ನಾ ಅಲ್ಲ. ಅಧ್ಯಕ್ಷರು ಹೇಳ್ಯಾರ. ಅವರು ಹೂಂ ಅಂದ್ರ ನಂದೇನು ತಕರಾರಿಲ್ಲ," ಎಂದರು.

ಕೀಲಿ ಯಾರ ಕೈಯಲ್ಲಿದೆ ಎಂಬುದು ಪತ್ತೆಯಾಯಿತು. ನಮ್ಮ ಕಾಲೇಜು ನಡೆಸುತ್ತಿದ್ದ ಮಂಡಳಿಯ ಅಧ್ಯಕ್ಷರಿಗೆ ಯಾದಗಿರಿಯಲ್ಲಿ ದೊಡ್ಡ ಬಟ್ಟೆ ಅಂಗಡಿ. ಅದೇ ತಿಂಗಳು ಗೆಳತಿಯ ಅಕ್ಕನ ಮದುವೆ ನಿಶ್ಚಯವಾಗಿತ್ತು. ಅವಳ ತಾಯಿ ಮದುಮಗಳಿಗೆ ಸೀರೆ ತರಬೇಕಿತ್ತು. "ಅದೇ ಅಂಗಡಿಗಿ ಹೋಗೋಣು," ಎಂದು ಗೆಳತಿ ಹಟ ಹಿಡಿದಳು. ನನ್ನನ್ನೂ ಕರೆದುಕೊಂಡು ಮೂವರೂ ಯಾದಗಿರಿಯ ಬಸ್ಸು ಹತ್ತಿದೆವು. ಅಂಗಡಿಗೆ ಹೋಗುವ ನಮ್ಮ ಇನ್ನೊಂದು ಕಾರಣ ಆ ತಾಯಿಗೆ ಗೊತ್ತಿರಲಿಲ್ಲ.

ಅಧ್ಯಕ್ಷರು ಬಿಳಿ ಗಾದಿಯ ಮೇಲೆ ತಾವೇ ಕುಳಿತು ವ್ಯಾಪಾರ ಮಾಡುತ್ತಿದ್ದರು. ಹಣೆಯ ತುಂಬ ವಿಭೂತಿ, ನಗುಮುಖ. ಗೆಳತಿಯ ತಾಯಿ ಸುಲಭಕ್ಕೆ ಒಪ್ಪುವ ಹೆಂಗಸಲ್ಲ. ಒಂದರ ಅಂಚು ಸಣ್ಣದು, ಇನ್ನೊಂದರ ಸೆರಗು ಬಿರುಸು, ಮತ್ತೊಂದರ ಬಣ್ಣ ಮದುಮಗಳಿಗೆ ಆಗುವುದಿಲ್ಲ. ಸೀರೆಗಳು ನಮ್ಮ ಮುಂದೆ ಗುಡ್ಡೆ ಬಿದ್ದವು. ಅಧ್ಯಕ್ಷರ ಮುಖದ ನಗು ಮಾಸಲಿಲ್ಲ. "ನೋಡ್ಲಾಕೇನು ರೊಕ್ಕ ಇಲ್ಲವ್ವ, ನೋಡ್ರಿ. ಕೈಯಾಗ ಹಿಡದು ನೋಡ್ರಿ, ಬೆಳಕಿಗಿ ಹೋಗಿ ನೋಡ್ರಿ," ಎನ್ನುತ್ತ ಮತ್ತೊಂದು ಬಿಚ್ಚಿದರು.

ನಾನು ಗಂಟಲು ಸರಿ ಮಾಡಿಕೊಂಡೆ. "ಸಾಹುಕಾರ್ರ, ಒಂದು ಮಾತು ಕೇಳ್ಲೇನ್ರಿ?"

"ಕೇಳು ತಂಗಿ. ಬಣ್ಣ ಬಿಲ್ಕುಲ್ ಹೋಗಾಂಗಿಲ್ಲ."

"ಸೀರಿ ಮಾತಲ್ರಿ. ನಾವಿಬ್ಬರೂ ಶಹಾಪುರದಾಗ ನಿಮ್ಮ ಕಾಲೇಜಿನಾಗೇ ಓದ್ಲಾಕತ್ತೀವಿ. ಸೈನ್ಸು."

ಅವರ ಮುಖ ಇನ್ನಷ್ಟು ಅರಳಿತು. ಚಹಾ ತರಲು ಕೂಗಿ ಹೇಳಿದರು. ನಮ್ಮ ಕಾಲೇಜಿನ ಹುಡುಗಿಯರು ಎಂದು ಪಕ್ಕದ ಗಿರಾಕಿಗೂ ತೋರಿಸಿದರು. ಆ ನಗು ಇರುವಾಗಲೇ ಹೇಳಬೇಕು ಅನ್ನಿಸಿತು.

"ನಾವು ತೊಗೊಂತೀವೋ ಇಲ್ಲೋ ಗೊತ್ತಿಲ್ಲ, ಆದ್ರೂ ನಮಗ ಇಷ್ಟು ಸೀರಿ ಬಿಚ್ಚಿ ತೋರ್ಸೀರಿ. ಅಲ್ಲಿ ನಾವು ಮೊದಲೇ ಫೀ ಕಟ್ಟಿ ಕುಂತೀವ್ರಿ. ಇಲ್ಲೀತನಕ ಒಂದು ಬಾಟ್ಲಿ ಮುಚ್ಚಳಾನೂ ಬಿಚ್ಚಿ ತೋರ್ಸಿಲ್ಲ."

ಗೆಳತಿಯ ತಾಯಿ ನನ್ನ ತೊಡೆಗೆ ಚಿವುಟಿದಳು. ಅಧ್ಯಕ್ಷರ ಕೈಯಲ್ಲಿದ್ದ ಸೀರೆ ಅಲ್ಲೇ ನಿಂತಿತು. "ವಿದ್ಯಾ ಅಂದ್ರ ಸೀರಿ ಅಲ್ಲ ತಂಗಿ," ಎಂದರು. ಧ್ವನಿ ಬದಲಾಗಿತ್ತು. "ಗುರುಗಳ ಮುಂದ ಗಿರಾಕಿ ಹಂಗ ಮಾತಾಡಬಾರ್ದು."

ಅಷ್ಟರಲ್ಲಿ ಗೆಳತಿ ಬಾಯಿ ತೆರೆದಳು. ತರಗತಿಯಲ್ಲಿ ಹಾಜರಿ ಹೇಳುವಾಗಲೂ ಮೆಲ್ಲಗೆ ಮಾತಾಡುವವಳು. "ಖರೆ ಅದರಿ. ವಿದ್ಯಾ ಸೀರಿ ಅಲ್ಲ. ಸೀರಿ ಹರದಿದ್ರ ನಾಳೆ ವಾಪಸ್ ತಂದು ಕೊಡ್ತಿದ್ವಿ. ಹೋದ ವರ್ಷ ಹಂಗೇ ಹೋತು. ಅದನ್ನ ಯಾರಿಗಿ ವಾಪಸ್ ಕೊಡೋಣ್ರಿ?"

ಅಧ್ಯಕ್ಷರು ಸೀರೆಯನ್ನು ಮಡಚಿ ಪಕ್ಕಕ್ಕಿಟ್ಟರು. ಆಮೇಲೆ ವ್ಯಾಪಾರಿಯ ಹಾಗೆಯೇ ನೇರವಾಗಿ ವಿಚಾರಿಸತೊಡಗಿದರು. ಏನೇನು ಇದೆ, ಏನೇನು ಇಲ್ಲ? ನಲ್ಲಿಯಲ್ಲಿ ನೀರಿಲ್ಲ ಎಂದೆವು. ಕಾಲುವೆ ಬಂದ ಮೇಲೆ ಕಾಲೇಜಿನ ಹಿಂದಿನ ಬಾವಿ ತುಂಬಿದೆ, ಮೋಟಾರು ಮಾತ್ರ ಕೆಟ್ಟು ಕೂತಿದೆ ಎಂದೆವು. ಕೀಲಿಯ ಮಾತು ಬಂದಾಗ ಅವರು ತುಸು ಮುಜುಗರದಿಂದಲೇ ಒಪ್ಪಿಕೊಂಡರು. "ಅದು ನಾನೇ ಹಾಕ್ಸೀನಿ. ಹೈದರಾಬಾದಿಂದ ತರ್ಸಿದ ಗಾಜು. ಹುಡುಗರು ಒಡದ್ರ?"

ಅಷ್ಟೊತ್ತೂ ನಮ್ಮ ಮೇಲೆ ಕಣ್ಣು ಕೆಕ್ಕರಿಸುತ್ತಿದ್ದ ಗೆಳತಿಯ ತಾಯಿಗೆ ಈ ಮಾತು ಮಾತ್ರ ಹಿಡಿಸಲಿಲ್ಲ. "ಒಡೀತಾವ್ರಿ ಸಾಹುಕಾರ್ರ. ಹುಡುಗ್ಯಾರು ರೊಟ್ಟಿ ಬಡೀಲಾಕ ಕಲಿಯೋ ಮುಂದ ಎಷ್ಟು ಹಿಟ್ಟು ಕೆಡಿಸ್ತಾರ! ಅದಕಂತ ಯಾರರ ಹಿಟ್ಟಿನ ಡಬ್ಬಿಗಿ ಕೀಲಿ ಹಾಕ್ತಾರೇನ್ರಿ?" ಎಂದು ಬಿಟ್ಟಳು.

ಅಧ್ಯಕ್ಷರು ಜೋರಾಗಿ ನಕ್ಕರು. ಸೀರೆಯೂ ಅಲ್ಲೇ ಆಯ್ಕೆಯಾಯಿತು, ಹಸಿರು ಮೈಯಿನ, ಕೆಂಪು ಅಂಚಿನದು.

ಆ ವಾರವೇ ಅವರು ಶಹಾಪುರಕ್ಕೆ ಬಂದು ಕೀಲಿ ತೆಗೆಸಿದರು. ಮೋಟಾರು ರಿಪೇರಿಯಾಯಿತು, ಲ್ಯಾಬಿನ ನಲ್ಲಿ ಮೊದಲು ಕೆಮ್ಮಿ, ಕೆಂಪು ನೀರು ಉಗುಳಿ, ಆಮೇಲೆ ತಿಳಿಯಾಯಿತು. ರಸಾಯನಶಾಸ್ತ್ರದ ಮೇಷ್ಟ್ರು ಗುರುಮಠಕಲ್ ಕಡೆಯವರು, ಎಳೆಯ ವಯಸ್ಸು, ಮಾತಿನ ನಡುನಡುವೆ ತೆಲುಗು ಇಣುಕುತ್ತಿತ್ತು. ಆ ಬಾಗಿಲು ತೆರೆದದ್ದಕ್ಕೆ ನಮಗಿಂತ ಅವರಿಗೇ ಹೆಚ್ಚು ಸಂತೋಷವಾಗಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಆದರೆ ಮೊದಲ ದಿನ ಅವರು ಅದನ್ನು ತೋರಿಸಿಕೊಳ್ಳಲಿಲ್ಲ.

"ಯಾದಗಿರಿ ಸುದ್ದಿ ಕೇಳೀನಿ," ಎಂದರು. "ಗಿರಾಕಿ ಆಗಿ ಬಾಗಿಲಾ ತೆರಿಸೀರಿ, ಛಲೋ ಆತು. ಒಳಗ ಬಂದ್ಮ್ಯಾಲ ಗಿರಾಕಿ ಅಲ್ಲ. ನೀವೇ ತೊಳೀಬೇಕು, ನೀವೇ ಅಳೀಬೇಕು, ತಪ್ಪಿದ್ರ ಮತ್ತ ಮೊದಲಿಂದ ಮಾಡಬೇಕು. ಇದರಾಗ ಅರ್ಧ ಮಾಲು ನಾ ಕೊಡ್ತೀನಿ, ಅರ್ಧ ನೀವು ತರಬೇಕು."

ಅವತ್ತು ಬ್ಯುರೆಟ್ಟಿನ ತಿರುಪು ಯಾವ ಕಡೆ ತಿರುಗುತ್ತದೆ ಎಂದು ತಿಳಿಯಿತು. ಹನಿ ಹನಿಯಾಗಿ ಬಿಡಬೇಕು, ಕೆಳಗೆ ಹಿಡಿದ ಶೀಷೆಯನ್ನು ಅಲುಗಿಸುತ್ತಿರಬೇಕು. ಬಣ್ಣವಿಲ್ಲದ ನೀರು ಒಂದೇ ಹನಿಗೆ ತೆಳು ಗುಲಾಬಿಯಾಗಿ ಹಾಗೇ ನಿಲ್ಲಬೇಕು. ಮೊದಲ ಸಲ ನನ್ನದು ದಾಸವಾಳದಷ್ಟು ಕಡುಬಣ್ಣವಾಗಿ ಹಾಳಾಯಿತು. ಎರಡನೆಯ ಸಲವೂ ಹಾಗೇ. ಮುಂದಿನದರಲ್ಲಿ ಬಣ್ಣ ಬಂದೂ ಬಾರದ ಹಾಗೆ ನಿಂತಾಗ, ನಾನು ಅದನ್ನು ಎತ್ತಿ ಹಿಡಿದು ಲ್ಯಾಬಿನಲ್ಲಿದ್ದ ಎಲ್ಲರಿಗೂ ತೋರಿಸಿಕೊಂಡು ಬಂದೆ. ನಕಲು ಮಾಡಿದ ಅಷ್ಟೂ ಹಾಳೆಗಳಲ್ಲಿ ಆ ಗುಲಾಬಿಯ ಬಗ್ಗೆ ಒಂದು ಮಾತೂ ಇರಲಿಲ್ಲ.

ಕೆಲವೇ ವಾರಗಳಲ್ಲಿ ತಂಟೆ ಶುರುವಾಯಿತು. ಪ್ರಾಕ್ಟಿಕಲ್ಲು ಮಧ್ಯಾಹ್ನದ ಮೇಲಿತ್ತು. ಸಂಜೆಯ ಸುರಪುರದ ಬಸ್ಸು ತಪ್ಪಿದರೆ ಗೆಳತಿ ಮನೆ ಮುಟ್ಟುವಷ್ಟರಲ್ಲಿ ಕತ್ತಲಾಗುತ್ತಿತ್ತು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅವಳ ಅಪ್ಪ ಬಸ್‌ ಸ್ಟ್ಯಾಂಡಿನಲ್ಲಿ ನಿಂತು ಕಾಯುತ್ತಿದ್ದ. ಅವಳು ಪ್ರತಿ ಸಲವೂ ಅರ್ಧಕ್ಕೇ ಕೈ ತೊಳೆದು ಓಡುತ್ತಿದ್ದಳು. ಒಂದು ದಿನ ನಾನು, "ಇಷ್ಟು ಕಷ್ಟಪಟ್ಟು ತೆರಿಸೀವಿ, ನೀನೇ ನಿಲ್ಲವಲ್ಲಿ," ಎಂದಾಗ ಅವಳು ತಿರುಗಿ ನಿಂತಳು.

"ಬಾಗಿಲಾ ನಿನಗ ತೆರದದ, ನನಗಿನ್ನೂ ಅರ್ಧಾನೇ ತೆರದದ," ಅಂದಳು. "ನಿಮ್ಮೂರು ಹತ್ರ, ರೋಡಿನ ಮ್ಯಾಗೇ ಅದ. ಯಾವ ಬಸ್ಸಾದ್ರೂ ನಡೀತದ ನಿನಗ."

ಮಾತು ಸರಿಯಾಗಿತ್ತು. ಬಸ್ಸಿಗಾಗಿ ಅರ್ಧಕ್ಕೇ ಓಡುತ್ತಿದ್ದವಳು ಅವಳೊಬ್ಬಳೇ ಅಲ್ಲ ಎಂಬುದು ವಿಚಾರಿಸಿದಾಗ ಗೊತ್ತಾಯಿತು. ನಾವಿಬ್ಬರೂ ಮತ್ತೆ ಮೇಷ್ಟ್ರ ಹತ್ತಿರ ಹೋಗಿ, ಪ್ರಾಕ್ಟಿಕಲ್ಲನ್ನು ಮುಂಜಾನೆ ಎಂಟಕ್ಕೆ ಇಡಿ ಎಂದು ಕೇಳಿದೆವು. ಅವರು ನಿಟ್ಟುಸಿರು ಬಿಟ್ಟು, "ನನ್ನ ನಿದ್ದೀಗೂ ಕೈ ಹಾಕಿದ್ರಿ," ಎಂದರು. ಆದರೆ ಮರುವಾರದಿಂದ ನಮಗಿಂತ ಮೊದಲು ಅವರೇ ಬಂದಿರುತ್ತಿದ್ದರು. ಗೆಳತಿಯ ಕೈ ನನಗಿಂತ ಹದವಾದದ್ದು ಎಂಬುದು ಆಗಲೇ ಎಲ್ಲರಿಗೂ ತಿಳಿದದ್ದು. ಅವಳ ಅಳತೆಗಳು ಒಂದಕ್ಕೊಂದು ಹೊಂದುತ್ತಿದ್ದವು. ನನ್ನವುಗಳಲ್ಲಿ ಒಂದು ಊರಿಗೆ ಹೋದರೆ ಇನ್ನೊಂದು ಕೇರಿಗೆ ಹೋಗುತ್ತಿತ್ತು.

ವರ್ಷದ ಕೊನೆಗೆ ಪರೀಕ್ಷೆ ಬಂತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಮೈಸೂರು ಕಡೆಯವರು. ನನಗೊಂದು ಬಿಳಿ ಪುಡಿ ಕೊಟ್ಟು, ಯಾವ ಲವಣ ಎಂದು ಕಂಡುಹಿಡಿಯಲು ಹೇಳಿದರು. ಮೇಲಿನ ವರ್ಷದವರ ಪರೀಕ್ಷೆಗೆಂದು ಮಾತ್ರ ಲ್ಯಾಬು ತೆರೆಯುತ್ತಿದ್ದ ಕಾಲದಿಂದ ಒಂದು ರೂಢಿ ಇತ್ತು. ಲ್ಯಾಬಿನ ಜವಾನ ಮೇಜಿನ ಬಳಿ ಹಾದು ಹೋಗುವಾಗ ಉತ್ತರ ಪಿಸುಗುಟ್ಟುತ್ತಿದ್ದ. ಅದರಲ್ಲಿ ಅವನಿಗೆ ನಮ್ಮ ಮೇಲಿನ ಕನಿಕರವೇ ಹೊರತು ಬೇರೇನೂ ಇರಲಿಲ್ಲ. ನನ್ನ ಬಳಿಯೂ ಬಂದ. "ತಂಗಿ, ಅಮೋನಿಯಂ ಕ್ಲೋರೈಡ್. ಬರದು ಕೂಡು ಸುಮ್ನ."

ಅಷ್ಟರಲ್ಲಿ ನನ್ನ ಕೊಳವೆಯಿಂದ ಅಮೋನಿಯಾದ ಘಾಟು ಮೂಗಿಗೆ ಹೊಡೆದಿತ್ತು, ಹಾಗಾಗಿ ಅರ್ಧ ಮಾತು ನಿಜವೇ. ಇನ್ನರ್ಧ ನೋಡೋಣ ಎಂದು ಸಿಲ್ವರ್ ನೈಟ್ರೇಟಿನ ಹನಿ ಹಾಕಿದೆ. ಕ್ಲೋರೈಡ್ ಆಗಿದ್ದರೆ ಮೊಸರಿನಂತೆ ಬಿಳಿ ಗಸಿ ಕಟ್ಟಬೇಕು. ನೀರು ತಿಳಿಯಾಗಿಯೇ ಉಳಿಯಿತು. ಕೊಳವೆ ತೊಳೆದು ಮತ್ತೊಮ್ಮೆ ಮಾಡಿದೆ, ಆಗಲೂ ತಿಳಿನೀರು. "ಕಾಕಾ, ಇದು ಅಲ್ರಿ," ಎಂದೆ ಮೆಲ್ಲಗೆ. ಅವನು ಹಣೆ ಗಂಟಿಕ್ಕಿ ಮುಂದೆ ಹೋದ. ಬೇರೆ ಕೊಳವೆಯಲ್ಲಿ ಕಬ್ಬಿಣದ ದ್ರಾವಣ ಬೆರೆಸಿ, ಗೋಡೆಗುಂಟ ಆಮ್ಲವನ್ನು ನಿಧಾನವಾಗಿ ಇಳಿಬಿಟ್ಟೆ. ಎರಡು ನೀರು ಕೂಡುವ ಜಾಗದಲ್ಲಿ ಕಂದು ಉಂಗುರ ಮೂಡಿತು. ನೈಟ್ರೇಟು. ಅನುಮಾನವೇ ಇರಲಿಲ್ಲ. ಹಾಗೇ ಬರೆದೆ.

ಪರೀಕ್ಷಕರು ಓದಿ ತಲೆ ಎತ್ತಿದರು. "ನೈಟ್ರೇಟ್ ಅಂತ ಹೇಗೆ ಹೇಳ್ತೀರಾ?"

"ಉಂಗುರ ಬಂದದ್ರಿ ಸರ್. ಇನ್ನೂ ಅದ, ನೋಡ್ರಿ."

ಅವರು ನಿಜವಾಗಿಯೂ ಎದ್ದು ಬಂದು, ಬಗ್ಗಿ ನೋಡಿದರು. "ಇಲ್ಲಿ ಪ್ರಾಕ್ಟಿಕಲ್ಸ್ ಮಾಡಿಸ್ತಾರಾ ನಿಮಗೆ?"

"ಮಾಡಿಸ್ತಾರ್ರಿ," ಎಂದೆ. "ಮುಂಜಾನಿ ಎಂಟಕ್ಕ ಬಂದು ಮಾಡ್ತೀವಿ."

ಗೆಳತಿಗೂ ನನಗೂ ಒಳ್ಳೆಯ ಅಂಕ ಬಂದವು, ಅವಳಿಗೆ ನನಗಿಂತ ಹೆಚ್ಚು. ಮುಂದೆ ಅವಳು ಬೇರೆ ಬೇರೆ ಕಾರ್ಖಾನೆಗಳ ಲ್ಯಾಬುಗಳಲ್ಲಿ ದುಡಿದು, ಈಗ ಕಡೇಚೂರಿನ ಕಾರ್ಖಾನೆಯೊಂದರಲ್ಲಿದ್ದಾಳೆ. ನಾನು ಕಾಲೇಜಿನಲ್ಲಿ ಪಾಠ ಹೇಳುವವಳಾದೆ. ಕಳೆದ ಮಳೆಗಾಲದಲ್ಲಿ ಒಂದು ದಿನ ಎರಡನೆಯ ವರ್ಷದ ನಾಲ್ವರು ಹುಡುಗಿಯರು ನನ್ನ ಕೋಣೆಯ ಬಾಗಿಲಲ್ಲಿ ಒಬ್ಬರನ್ನೊಬ್ಬರು ನೂಕುತ್ತ ನಿಂತಿದ್ದರು. ಒಳಗೆ ಕರೆದೆ. ಎಲ್ಲರಿಗಿಂತ ಗಿಡ್ಡಗಿದ್ದವಳು ಮುಂದೆ ಬಂದಳು.

"ಮೇಡಂ, ಸಿಟ್ಟಿಗಿ ಬರಬ್ಯಾಡ್ರಿ. ನಿಮ್ಮ ಪಾಠ ಭಾಳ ಜೋರು ಓಡ್ಲಾಕತ್ತದ. ಹಿಂದಿನ ಬೆಂಚಿನವ್ರಿಗಿ ಏನೂ ತಿಳೀವಲ್ದು."

ಚುಚ್ಚಿತು, ಇಲ್ಲವೆನ್ನಲಾರೆ. ಕುರ್ಚಿ ತೋರಿಸಿ ಕೂರಿಸಿದೆ. ಎಲ್ಲಿಂದ ತಿಳಿದಿಲ್ಲ ಎಂದು ಕೇಳಿದೆ. ಅವರು ತಮ್ಮತಮ್ಮಲ್ಲೇ ಮಾತಾಡಿಕೊಂಡು, ಎರಡು ಪಾಠ ಹಿಂದಿನಿಂದ ಎಂದರು. ಮರುದಿನ ತರಗತಿಗೆ ಹೋಗಿ ಬೋರ್ಡು ಒರೆಸಿ, ಅಲ್ಲಿಂದಲೇ ಶುರು ಮಾಡಿದೆ.