ನಿಂತ ಕಾರಿನ ಕಾವಲು

ಬೈಂದೂರಿನವನಾದ ನಾನು ಬ್ರಹ್ಮಾವರದ ಶಾಲೆಯಲ್ಲಿ ಮೇಷ್ಟ್ರು. ಕೋಡಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದೆ. ಆ ಮನೆಗೆ ಅಂಗಳ ಇರಲಿಲ್ಲ. ಹೊಸ ಕಾರು ತಂದಾಗ ಅದನ್ನು ಎದುರಿನ ಬಾದಾಮಿ ಮರದ ಕೆಳಗೆ ನಿಲ್ಲಿಸಬೇಕಾಯಿತು. ಅದೇ ನೆರಳಲ್ಲಿ ಪಕ್ಕದ ಮನೆಯ ಹೆಂಗಸು ಬಲೆ ಹರಡಿಕೊಂಡು, ಹರಿದಲ್ಲಿ ಕಟ್ಟುತ್ತಾ ಕೂರುತ್ತಿದ್ದರು. ಅವರ ಗಂಡ ಮೀನಿಗೆ ಹೋಗುವವರು. ಸಂಬಂಧ ಏನಿಲ್ಲದಿದ್ದರೂ ನಾನು ಅವರನ್ನು ಚಿಕ್ಕಿ ಎನ್ನುತ್ತಿದ್ದೆ.

ಒಂದು ದಿನ ಶಾಲೆಗೆ ಹೊರಟಾಗ ಕಾರಿನ ಬಾಗಿಲ ಮೇಲೆ ಉದ್ದನೆಯ ಗೀರು ಕಂಡಿತು. ಚಿಕ್ಕಿ ಅಲ್ಲಿ ತಂದಿಳಿಸುವ ಮೀನಿನ ಕ್ರೇಟ್ ತಾಗಿಯೇ ಆದದ್ದೆಂದು ಅಲ್ಲೇ ತೀರ್ಮಾನ ಮಾಡಿಬಿಟ್ಟೆ. ಕೇಳಲು ಬಾಯಿ ಬರಲಿಲ್ಲ. ಬದಲಿಗೆ ಕಾರಿನ ಮುಂದಿನ ಗಾಜಿಗೆ ಡ್ಯಾಶ್‌ಕ್ಯಾಮ್, ಎದುರಿನದನ್ನೆಲ್ಲ ಸೆರೆಹಿಡಿಯುವ ಸಣ್ಣ ಕ್ಯಾಮೆರಾ, ಹಾಕಿಸಿದೆ.

ಈಗಿನ ಕಾರುಗಳಲ್ಲಿ ಲಾಕ್ ಮಾಡಿ ಹೋದರೆ ಚಾರ್ಜಿಂಗ್ ಸಾಕೆಟ್ಟಿಗೆ ಕರೆಂಟು ನಿಲ್ಲುತ್ತದೆ, ಕ್ಯಾಮೆರಾವೂ ನಿಲ್ಲುತ್ತದೆ. ನಿಂತ ಕಾರನ್ನು ಅದು ಕಾಯಬೇಕಾದರೆ ಫ್ಯೂಸ್ ಬಾಕ್ಸಿನಿಂದ ಬೇರೆಯೇ ವೈರ್ ಎಳೆಯಬೇಕು. ಅಂಗಡಿಯವರು ಎಳೆದುಕೊಟ್ಟರು. ಬ್ಯಾಟರಿ ಒಂದು ಮಟ್ಟಕ್ಕೆ ಇಳಿದರೆ ಕ್ಯಾಮೆರಾ ತಾನಾಗಿ ಬಂದ್ ಆಗುವ ಹಾಗೆ ಇಟ್ಟಿದ್ದರು. ಆದರೆ ಅದು ಬೆಳಗಾಗುವ ಮೊದಲೇ ಬಂದ್ ಆಗುತ್ತಿತ್ತು. ಚಿಕ್ಕಿ ಬರುವುದು ಬೆಳಗಾದ ಮೇಲೆ, ನಾನು ಶಾಲೆಗೆ ಹೊರಡುವುದಕ್ಕೆ ಮೊದಲು. ಆ ಮಟ್ಟವನ್ನು ಎಷ್ಟು ಕೆಳಗಿಳಿಸಬಹುದೋ ಅಷ್ಟೂ ಇಳಿಸಿದವನು ನಾನೇ.

ಆಮೇಲೆ ಸಂಜೆ ಚಾ ಕುಡಿಯುತ್ತಾ ಫೋನಿನಲ್ಲಿ ಬೆಳಗಿನ ರೆಕಾರ್ಡಿಂಗ್ ಹಾಕಿ ಅವರನ್ನು ನೋಡುವುದು ಅಭ್ಯಾಸವಾಯಿತು. ಚಿಕ್ಕಿ ಒಬ್ಬರೇ ಏನೋ ಮಾತಾಡಿಕೊಳ್ಳುತ್ತಿದ್ದರು. ಕಾಲು ನೀಡಿ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದರು. ಕ್ರೇಟನ್ನು ಕಾರಿಗೆ ತಾಗದ ಹಾಗೆ ಸುತ್ತು ಹಾಕಿ ತಂದು ಇಳಿಸುತ್ತಿದ್ದರು. ಒಮ್ಮೆ ಬಾನೆಟ್ ಮೇಲೆ ಬಿದ್ದ ಎಲೆಗಳನ್ನೆಲ್ಲ ಹೆಕ್ಕಿ ತೆಗೆದರು. ಕ್ಯಾಮೆರಾ ಇದೆಯೆಂದು ಗೊತ್ತಾಗಿ ನಾಟಕ ಮಾಡುತ್ತಿದ್ದಾರೆ ಎಂದುಕೊಂಡೆ. ಹಾಗೆ ಯೋಚಿಸಿದೆನಲ್ಲ ಎಂದು ಈಗ ನಾಚಿಕೆಯಾಗುತ್ತದೆ.

ಶಾಲೆಗೆ ರಜೆ ಬಂತು. ಕಾರು ಮರದಡಿ ನಿಂತಲ್ಲೇ ಇತ್ತು. ಒಂದು ಬೆಳಿಗ್ಗೆ ಚಿಕ್ಕಿಯ ಕೂಗು ಕೇಳಿತು.

"ಹ್ವಾಯ್ ಮಗಾ, ಬೇಗ ಕಾರ್ ತೆಗಿ! ಇವ್ರ ಕಾಲಿಗೆ ತೊರಕೆ ಮುಳ್ಳ್ ಹೆಟ್ಟಿತ್!"

ತೊರಕೆ ಮೀನಿನ ಬಾಲದಲ್ಲಿ ವಿಷದ ಮುಳ್ಳಿರುತ್ತದೆ, ಅದು ಚುಚ್ಚಿತ್ತು. ದೋಣಿಯ ಜೊತೆಗಾರರು ಅವರ ಗಂಡನನ್ನು ಎತ್ತಿಕೊಂಡೇ ಬಂದಿದ್ದರು. ಆ ಮನುಷ್ಯ ಹಲ್ಲು ಕಚ್ಚಿ ನರಳುತ್ತಿದ್ದರು. ಕೀ ಒತ್ತಿದೆ, ಬಾಗಿಲು ತೆರೆಯಲಿಲ್ಲ. ಕೀಯೊಳಗೆ ಅಡಗಿಸಿಟ್ಟ ಸಣ್ಣ ಕೀ ತೆಗೆದು ಹೇಗೋ ಬಾಗಿಲು ಬಿಡಿಸಿದೆ. ಸ್ಟಾರ್ಟ್ ಬಟನ್ ಒತ್ತಿದರೆ ಟಿಕ್ ಎಂಬ ಸದ್ದು, ಅಷ್ಟೆ.

"ದೂಡ್ವನಾ?" ಎಂದು ಜೊತೆಗಾರರೊಬ್ಬರು ಹಿಂದಕ್ಕೆ ಹೋಗಿ ಕೈಕೊಟ್ಟು ನಿಂತೇಬಿಟ್ಟರು.

"ಆಟೋಮ್ಯಾಟಿಕ್ ಗಾಡಿ. ದೂಡಿರೆ ಆತಿಲ್ಲೆ," ಎಂದೆ.

ಯಾರೋ ಓಡಿಹೋಗಿ ರಿಕ್ಷಾ ತಂದರು. ಚಿಕ್ಕಿ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ನಾನು ಡ್ರೈವರ್ ಪಕ್ಕ ತುರುಕಿಕೊಂಡೆ. ಕುಂದಾಪುರದ ಆಸ್ಪತ್ರೆ ಮುಟ್ಟುವವರೆಗೂ ಹಿಂದಿನಿಂದ ಬರುತ್ತಿದ್ದ ನರಳಾಟಕ್ಕೆ ತಿರುಗಿ ನೋಡಲಾಗಲಿಲ್ಲ. ಡಾಕ್ಟರು ಮುಳ್ಳು ತೆಗೆದು, ಬಿಸಿನೀರಿನಲ್ಲಿ ಕಾಲಿಡಿಸಿ, ಇಂಜೆಕ್ಷನ್ ಕೊಟ್ಟರು. ನೋವು ನಿಧಾನಕ್ಕೆ ಇಳಿಯಿತು. ಜೀವಕ್ಕೇನೂ ಅಪಾಯವಿಲ್ಲ ಎಂದರು.

ಹೊರಗೆ ಬೆಂಚಿನ ಮೇಲೆ ಕೂತಾಗ ಚಿಕ್ಕಿ ಕೇಳಿದರು, "ಹೊಸಾ ಕಾರ್ ಅಲ್ದಾ, ಎಂತ ಆಯ್ತ್ ಅದ್ಕೆ?"

"ಬ್ಯಾಟ್ರಿ ಖಾಲಿ ಆಯ್ತ್ ಚಿಕ್ಕಿ. ಆ ಕ್ಯಾಮೆರಾ ರಾತ್ರಿ ಹಗಲ್ ಓಡ್ತಾ ಇದ್ದಿತ್."

"ಅದಾ? ನಮ್ ಬಲೆಗೂ ಒಂದ್ ಕಾವಲ್ ಆಯ್ತ್, ಮಾಷ್ಟ್ರು ಒಳ್ಳೇದ್ ಮಾಡ್ರ್ ಅಂದ್ ಇವ್ರತ್ರ ಹೇಳ್ತಾ ಇದ್ದೆ."

ಸುಮ್ಮನಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ಹೊಗಳಿಕೆಯನ್ನು ಇಟ್ಟುಕೊಳ್ಳಲು ನನ್ನಿಂದ ಆಗಲಿಲ್ಲ.

"ಬಲೆಗಲ್ಲ ಚಿಕ್ಕಿ. ಕಾರಿಗೆ ಗೀರ್ ಬಿದ್ದಿತ್ತ್. ನಿಮ್ ಕ್ರೇಟ್ ತಾಗಿದ್ದ್ ಅಂದ್ಕಂಡ್..."

ಅವರು ನನ್ನ ಮುಖ ನೋಡಿದರು. ಆಮೇಲೆ ಬಲೆಯ ದಾರ ಕೊಯ್ದು ಗೆರೆಗೆರೆಯಾದ ತಮ್ಮ ಬೆರಳುಗಳನ್ನು ನೋಡಿಕೊಂಡರು.

"ನನ್ನತ್ರ ಒಂದ್ ಮಾತ್ ಕೇಣ್ಲಕ್ಕಿತ್ತ್," ಎಂದರು. ಕೇಳಬಹುದಿತ್ತು ಎಂದಷ್ಟೆ, ಸಿಟ್ಟು ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ವೈರ್ ತೆಗೆಸಿದೆ. ಗೀರು ಎಲ್ಲಿಂದ ಬಂತೆಂದು ಇವತ್ತಿಗೂ ಗೊತ್ತಿಲ್ಲ. ಅವರ ಗಂಡ ಗುಣವಾಗಿ ಮತ್ತೆ ದೋಣಿಗೆ ಹೋಗತೊಡಗಿದರು, ಕಂಡರೆ ನಗುತ್ತಾರೆ. ಚಿಕ್ಕಿ ಮಾತ್ರ ಬಲೆಯನ್ನೂ ಕ್ರೇಟುಗಳನ್ನೂ ಎತ್ತಿಕೊಂಡು ಆಚೆ ಗೋಡೆಯ ಬದಿಗೆ ಹೋದರು. ಅಲ್ಲಿ ನೆರಳಿಲ್ಲ.

ಒಂದು ದಿನ ಹತ್ತಿರ ಹೋಗಿ ಕರೆದೆ. "ಮರದ ಬುಡಕ್ಕೆ ಬನ್ನಿ ಚಿಕ್ಕಿ. ನಾ ಕಾರ್ ಬೇರೆ ಕಡೆ ನಿಲ್ಲಿಸ್ತೆ."

"ಅಡ್ಡಿಲ್ಲ ಮಗಾ, ಇಲ್ಲೇ ಆತ್ತ್," ಎಂದರು, ಬಲೆಯ ಗಂಟಿನಿಂದ ಕಣ್ಣು ತೆಗೆಯದೆ.

ಆದರೂ ನಾನು ಕಾರನ್ನು ರಸ್ತೆಯ ತಿರುವಿನಾಚೆ ನಿಲ್ಲಿಸತೊಡಗಿದೆ. ಬಾದಾಮಿ ಮರದ ನೆರಳು ದಿನವಿಡೀ ಖಾಲಿ ಬಿದ್ದಿರುತ್ತಿತ್ತು. ಚಿಕ್ಕಿ ತಲೆಯ ಮೇಲೆ ಸೆರಗು ಎಳೆದುಕೊಂಡು ಬಿಸಿಲಲ್ಲೇ ಬಲೆ ಕಟ್ಟುತ್ತಿದ್ದರು.